ಕೆಳದವಡೆಯ ಅರಿವಳಿಕೆ: ನೋವು ಸಹಿಸುವುದು ರೋಗಿಯ ಧರ್ಮವಲ್ಲ

ಹಲ್ಲು ಕೀಳಿಸಿಕೊಳ್ಳುವಾಗ ನೋವಾಗುವುದು ಸಹಜ, ಅದನ್ನು ಹಲ್ಲುಕಚ್ಚಿ ಸಹಿಸಿಕೊಳ್ಳಬೇಕು ಎಂಬ ನಂಬಿಕೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಬೇರೂರಿದೆ. ಹಲ್ಲುಕಚ್ಚುವ ಮಾತು ಇಲ್ಲಿ ವಿಪರ್ಯಾಸದ್ದೇ ಸರಿ. ಬಾಯಿ ತೆರೆದು ಕುಳಿತವನು ಯಾವ ಹಲ್ಲನ್ನು ಕಚ್ಚಿಯಾನು? ಈ ನಂಬಿಕೆಯನ್ನು ರೋಗಿಗಳು ಮಾತ್ರ ಇಟ್ಟುಕೊಂಡಿದ್ದರೆ ಚಿಂತೆ ಅಷ್ಟಿರಲಿಲ್ಲ. ಹಲ್ಲಿನ ವೈದ್ಯರಾದ ನಾವೂ ಎಷ್ಟೋ ಸಲ ಅದರ ಆಶ್ರಯ ಪಡೆಯುತ್ತೇವೆ. ರೋಗಿ ನರಳಿದರೆ, "ಸ್ವಲ್ಪ ತಡಕೊಳ್ಳಿ, ಆಯಿತು, ಆಯಿತು" ಎನ್ನುತ್ತೇವೆ. ಆ "ಆಯಿತು" ಮುಗಿಯುವುದರೊಳಗೆ ಆತನ ಮನಸ್ಸಿನಲ್ಲಿ ಜೀವಮಾನಕ್ಕೆ ಸಾಲುವಷ್ಟು ಭಯ ಕುಳಿತುಬಿಟ್ಟಿರುತ್ತದೆ.

ಈ ಸೀಮೆಯಲ್ಲಿಯೇ ವೃತ್ತಿ ನಡೆಸುತ್ತ ಬಂದಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಳದವಡೆಯ ಹಲ್ಲು ಕೀಳುವಾಗ ರೋಗಿಗೆ ತೀವ್ರ ನೋವಾದರೆ ಅದಕ್ಕೆ ಆತನ ಹಣೆಬರಹ ಕಾರಣವಲ್ಲ, ಧೈರ್ಯದ ಕೊರತೆಯೂ ಕಾರಣವಲ್ಲ. ಮದ್ದು ಮುಟ್ಟಬೇಕಾದ ನರವನ್ನು ಮುಟ್ಟಿಲ್ಲ, ಅಥವಾ ಅದು ಕೆಲಸ ಮಾಡುವವರೆಗೆ ನಾವು ಕಾಯಲಿಲ್ಲ, ಅಥವಾ ಆ ದಿನ ಆ ಹಲ್ಲನ್ನು ಮುಟ್ಟಲೇಬಾರದಾಗಿತ್ತು. ಈ ಮೂರರಲ್ಲಿ ಯಾವುದೇ ಆದರೂ ಸರಿಪಡಿಸಿಕೊಳ್ಳಬೇಕಾದವನು ವೈದ್ಯ; ಸಹಿಸಿಕೊಳ್ಳಬೇಕಾದವನು ರೋಗಿಯಲ್ಲ.

ಅರಿವಳಿಕೆಯ ಚರಿತ್ರೆಯಲ್ಲಿ ನಮ್ಮ ಸೀಮೆಗೆ ಒಂದು ಹಳೆಯ ಸಂಬಂಧವುಂಟು. ಈ ಮೂರೂ ತಾಲ್ಲೂಕುಗಳು 1948ರವರೆಗೆ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ರಾಜಧಾನಿಯಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕುಳಿತಿದ್ದವು. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಸಾಯುತ್ತಿದ್ದುದೇಕೆ, ಉಸಿರು ನಿಂತೋ ಹೃದಯ ನಿಂತೋ ಎಂಬುದು ಅಂದಿನ ಜಗತ್ತಿನ ವೈದ್ಯರನ್ನೆಲ್ಲ ಕಾಡಿದ ಪ್ರಶ್ನೆ. ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಅವರ ಮುಂದಾಳತ್ವದಲ್ಲಿ ಪ್ರಯೋಗಗಳು ನಡೆದವು. ಎರಡನೆಯ ಆಯೋಗಕ್ಕೆ ನಿಜಾಮರು ಒಂದು ಸಾವಿರ ಪೌಂಡ್ ನೀಡಿದರು. ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ಲಾರಿಯವರ ವಿದ್ಯಾರ್ಥಿನಿ ರೂಪಾಬಾಯಿ ಫರ್ದೂನ್‌ಜಿ ಕ್ಲೋರೋಫಾರ್ಮ್ ಕೊಡುವುದನ್ನೇ ತಮ್ಮ ಕಾಯಕ ಮಾಡಿಕೊಂಡು, ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರೆನಿಸಿದರು. ಉಸಿರಾಟವನ್ನು ನೋಡಿಕೊಂಡರೆ ಸಾಕು, ಹೃದಯಕ್ಕೆ ಅಪಾಯವಿಲ್ಲ ಎಂದು ಆಯೋಗ ತೀರ್ಮಾನಿಸಿತು. ಅದು ತಪ್ಪೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ತಮ್ಮ ಕಾಲದ ಶ್ರೇಷ್ಠ ವೈದ್ಯರೇ ತಪ್ಪಿದರು, ಆ ತಪ್ಪು ತಿದ್ದಲ್ಪಟ್ಟಿತು. ನೂರಮೂವತ್ತು ವರ್ಷಗಳ ಹಿಂದೆ ನೋವಿಲ್ಲದ ಚಿಕಿತ್ಸೆಗಾಗಿ ಇಷ್ಟೊಂದು ಹಣ, ಶ್ರಮ ಸುರಿದ ಸೀಮೆಯ ಹಳ್ಳಿಗನು ಇಂದಿಗೂ ಹಲ್ಲಿನ ಕುರ್ಚಿಯಲ್ಲಿ ಕೈ ಬಿಗಿಹಿಡಿದು ಕೂರುತ್ತಾನೆ ಎಂಬುದೇ ನನ್ನ ಕೊರಗು.

ಕ್ಲೋರೋಫಾರ್ಮ್ ಇಡೀ ಮನುಷ್ಯನನ್ನು ಮಲಗಿಸುತ್ತದೆ. ಎಚ್ಚರವಿದ್ದಂತೆಯೇ ಒಂದು ಭಾಗವನ್ನು ಮಾತ್ರ ಮರಗಟ್ಟಿಸುವ ವಿದ್ಯೆ ಅದೇ ದಶಕದಲ್ಲಿ ಬೇರೆಡೆ ಹುಟ್ಟಿತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ತೋರಿಸಿದರು. ಹೆಚ್ಚು ಕಾಲ ಕಳೆಯುವ ಮುನ್ನವೇ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಮತ್ತು ರಿಚರ್ಡ್ ಹಾಲ್ ಅದೇ ಕೊಕೇನನ್ನು ಸೂಜಿಯಿಂದ ಕೆಳದವಡೆಯ ನರದ ಬಳಿಗೆ ಮುಟ್ಟಿಸಿ, ಒಂದು ಬದಿಯ ಹಲ್ಲುಗಳೆಲ್ಲ ಮರಗಟ್ಟುವುದನ್ನು ಕಂಡುಕೊಂಡರು. ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡ ಹಾಲ್‌ಸ್ಟೆಡ್ ಕೊಕೇನಿನ ಚಟಕ್ಕೆ ಬಿದ್ದು ಬಹುಕಾಲ ನರಳಿದರು. ಮುಂದೆ 1905ರಲ್ಲಿ ಜರ್ಮನಿಯ ಐನ್‌ಹಾರ್ನ್ ಚಟ ಹಿಡಿಸದ ಪ್ರೊಕೇನನ್ನು ಬಳಕೆಗೆ ತಂದರು. 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಮತ್ತು ಲುಂಡ್‌ಕ್ವಿಸ್ಟ್ ಲಿಗ್ನೋಕೇನನ್ನು ತಯಾರಿಸಿದರು. 1948ರಿಂದ ಅದು ಮಾರುಕಟ್ಟೆಯಲ್ಲಿದೆ. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಿಮಗೆ ಕೊಡುವುದೂ ಅದೇ ಮದ್ದು, ಮಹಾನಗರದ ದೊಡ್ಡ ಆಸ್ಪತ್ರೆಯಲ್ಲಿ ಕೊಡುವುದೂ ಬಹುಮಟ್ಟಿಗೆ ಅದೇ. ವ್ಯತ್ಯಾಸವೇನಾದರೂ ಇದ್ದರೆ ಅದು ಬಾಟಲಿಯಲ್ಲಿಲ್ಲ, ಸೂಜಿ ಹಿಡಿದ ಕೈಯಲ್ಲಿದೆ.

ಆ ಕೈಗೆ ತಿಳಿದಿರಬೇಕಾದುದೇನು? ಮೊದಲು ಮೂಳೆ. ಮೇಲ್ದವಡೆ ಮತ್ತು ಕೆಳದವಡೆ ಒಂದೇ ಬಾಯಿಯಲ್ಲಿದ್ದರೂ ಸ್ವಭಾವದಲ್ಲಿ ಬೇರೆ ಬೇರೆ. ಮೇಲ್ದವಡೆಯ ಮೂಳೆ ತೆಳುವು, ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು. ಮಸಾರಿ ಹೊಲದಲ್ಲಿ ಮಳೆಯ ನೀರು ಇಂಗುವಂತೆ, ಹಲ್ಲಿನ ಬೇರಿನ ಬಳಿ ಒಸಡಿನೊಳಗೆ ಬಿಟ್ಟ ಮದ್ದು ಆ ಮೂಳೆಯಲ್ಲಿ ಇಂಗಿ ಬೇರನ್ನು ತಲುಪುತ್ತದೆ. ಆದ್ದರಿಂದ ಮೇಲಿನ ಹಲ್ಲು ಮರಗಟ್ಟಿಸುವುದು ಹೆಚ್ಚು ಸುಲಭ. ಕೆಳದವಡೆಯ ಹಿಂಭಾಗ ಹಾಗಲ್ಲ. ಅದು ಶಹಾಬಾದ್ ಕಲ್ಲಿನ ಹಾಸಿನಂತೆ ಗಟ್ಟಿ. ಮೇಲೆ ಎಷ್ಟು ಸುರಿದರೂ ಒಳಗೆ ಇಂಗದು. ಕೆಳಗಿನ ದವಡೆ ಹಲ್ಲಿನ ಸುತ್ತ ನಾಲ್ಕಾರು ಕಡೆ ಸೂಜಿ ಚುಚ್ಚಿ "ಈಗ ಕೀಳಬಹುದು" ಎನ್ನುವವರು ಕಲ್ಲಿನ ಮೇಲೆ ನೀರು ಹೊಯ್ಯುತ್ತಿದ್ದಾರೆಂದೇ ತಿಳಿಯಬೇಕು.

ಹಾಗಾದರೆ ದಾರಿ ಯಾವುದು? ಮುಖದ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಐದನೆಯ ಕಪಾಲ ನರಕ್ಕೆ ಮೂರು ಕವಲುಗಳಿವೆ. ಮೂರನೆಯ ಕವಲಿನಿಂದ ಹೊರಟ ಒಂದು ನರ ಕೆಳದವಡೆಯ ಹಲ್ಲುಗಳಿಗೆ ಹೋಗುತ್ತದೆ. ಕೆಳದವಡೆಯ ಆಕಾರ ಕುದುರೆಯ ಲಾಳದಂತಿದ್ದು, ಹಿಂದೆ ಎರಡೂ ಬದಿಗೆ ಕಿವಿಯತ್ತ ಏರುವ ಅಗಲವಾದ ಭಾಗಗಳಿವೆ. ಆ ಏರುಭಾಗದ ಒಳಮೈಯಲ್ಲಿ, ಸುಮಾರು ನಡುವೆ, ಒಂದು ರಂಧ್ರವಿದೆ. ನರ ಅಲ್ಲಿ ಮೂಳೆಯೊಳಗೆ ಇಳಿದು, ಹಲ್ಲಿನ ಬೇರುಗಳ ಕೆಳಗಿನ ಕೊಳವೆಯಲ್ಲಿ ಸಾಗಿ, ಮುಂದೆ ಗದ್ದದ ಪಕ್ಕದ ಸಣ್ಣ ರಂಧ್ರದಿಂದ ಅದರ ಒಂದು ಕವಲು ಹೊರಬಂದು ಕೆಳತುಟಿಗೆ ಹರಡುತ್ತದೆ. ಭೀಮಾ ನದಿಯ ಸೊನ್ನ ಬ್ಯಾರೇಜಿನ ಕೆಳಗೆ ಹೊಲ ಮಾಡಿರುವ ಅಫಜಲಪುರದ ರೈತರಿಗೆ ಇದನ್ನು ವಿವರಿಸುವುದು ಸುಲಭ: ಕಾಲುವೆಯ ಬಾಯಲ್ಲಿ ತೂಬು ಮುಚ್ಚಿದರೆ ಕೆಳಗಿನ ಹೊಲಗಳಿಗೆಲ್ಲ ನೀರು ನಿಲ್ಲುತ್ತದೆ. ನರವು ಮೂಳೆಯೊಳಗೆ ಇಳಿಯುವ ಆ ರಂಧ್ರವೇ ತೂಬು. ಅಲ್ಲಿಗೆ ಒಂದೂವರೆ ಮಿಲಿಲೀಟರಿನಷ್ಟು ಮದ್ದು ಮುಟ್ಟಿದರೆ ಆ ಬದಿಯ ಕೆಳಹಲ್ಲುಗಳೂ ಅರ್ಧ ತುಟಿಯೂ ಮರಗಟ್ಟುತ್ತವೆ. ಪಕ್ಕದಲ್ಲಿಯೇ ನಾಲಿಗೆಯ ನರ ಇರುವುದರಿಂದ ನಾಲಿಗೆಯ ಅರ್ಧವೂ ಸಾಮಾನ್ಯವಾಗಿ ಜೋಮು ಹಿಡಿಯುತ್ತದೆ.

ಕಷ್ಟವಿರುವುದು ಇಲ್ಲಿಯೇ. ಆ ರಂಧ್ರ ಕಣ್ಣಿಗೆ ಕಾಣದು, ಬೆರಳಿಗೂ ಸಿಗದು. ವೈದ್ಯ ಅದನ್ನು ಊಹೆಯಿಂದಲ್ಲ, ಗುರುತುಗಳಿಂದ ಹುಡುಕಬೇಕು. ಹೆಬ್ಬೆರಳನ್ನು ಬಾಯೊಳಗಿಟ್ಟು ಏರುಭಾಗದ ಮುಂದಿನ ಅಂಚಿನ ತಗ್ಗನ್ನು ಮುಟ್ಟಿ ನೋಡುವುದು ಮೊದಲ ಗುರುತು. ಬಾಯಿ ಅಗಲವಾಗಿ ತೆರೆದಾಗ ಗಂಟಲಿನ ಪಕ್ಕ ಮೇಲಿನಿಂದ ಕೆಳಗೆ ಎದ್ದು ಕಾಣುವ ಮಡಿಕೆ ಎರಡನೆಯದು. ಕೆಳಹಲ್ಲುಗಳ ಅಗಿಯುವ ಮೈಯಿಂದ 6ರಿಂದ 10 ಮಿಲಿಮೀಟರ್ ಮೇಲಿನ ಮಟ್ಟ ಮೂರನೆಯದು. ಇನ್ನೊಂದು ಬದಿಯ ಮುಂದವಡೆ ಹಲ್ಲುಗಳ ಕಡೆಯಿಂದ ಸೂಜಿಯನ್ನು ಒಯ್ದರೆ ದೊಡ್ಡವರಲ್ಲಿ 20ರಿಂದ 25 ಮಿಲಿಮೀಟರ್ ಒಳಗೆ ಮೂಳೆ ತಾಗಬೇಕು. ಬೇಗನೆ ತಾಗಿದರೆ ಸೂಜಿ ತೀರ ಮುಂದಿದೆ ಎಂದರ್ಥ. ತಾಗದೇ ಹೋದರೆ ಅದು ಹಿಂದಕ್ಕೆ, ಕಿವಿಯ ಮುಂದಿನ ಜೊಲ್ಲುಗ್ರಂಥಿಯತ್ತ ಹೋಗಿದೆ; ಅಲ್ಲಿ ಮದ್ದು ಬಿಟ್ಟರೆ ಮುಖದ ಸ್ನಾಯುಗಳ ನರ ಕೆಲವು ಗಂಟೆ ಸೋತು, ರೋಗಿಗೆ ಒಂದು ಕಣ್ಣು ಮುಚ್ಚಲಾಗದು, ಬಾಯಿ ಸೊಟ್ಟಗಾಗುವುದು. ಮದ್ದಿನ ಪರಿಣಾಮ ಇಳಿದಂತೆ ಅದು ಸರಿಯಾಗುತ್ತದೆಯಾದರೂ, "ಸೂಜಿ ಮಾಡಿಸಿಕೊಂಡು ಲಕ್ವಾ ಹೊಡೀತು" ಎಂಬ ಸುದ್ದಿ ಅಷ್ಟರಲ್ಲಿ ಊರೆಲ್ಲ ಸುತ್ತಿರುತ್ತದೆ. ಆದುದರಿಂದ ಮೂಳೆ ತಾಗದೆ ಮದ್ದು ಬಿಡಕೂಡದು. ಬಿಡುವ ಮುನ್ನ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆ ಜಾಗದಲ್ಲಿ ರಕ್ತನಾಳಗಳೂ ನರದ ಜೊತೆಗೇ ಇವೆ. ಅನಂತರ ಒಂದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನವಾಗಿ ಬಿಡಬೇಕು. ರಭಸದಿಂದ ನೂಕಿದ ಮದ್ದೇ ಅರ್ಧ ನೋವಿಗೆ ಕಾರಣ.

ಎಲ್ಲರ ದವಡೆಯೂ ಒಂದೇ ಅಚ್ಚಿನಲ್ಲಿ ಎರೆದುದಲ್ಲ ಎಂಬುದನ್ನೂ ನೆನಪಿಡಬೇಕು. ಆ ರಂಧ್ರದ ಅಂಚಿನಲ್ಲಿ ನಾಲಿಗೆಯಾಕಾರದ ಸಣ್ಣ ಮೂಳೆಯ ಚಾಚು ಇದೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 165 ಭಾರತೀಯ ದವಡೆಮೂಳೆಗಳನ್ನು ಪರೀಕ್ಷಿಸಿದಾಗ ಆ ಚಾಚು ನಾಲ್ಕು ಬಗೆಯ ಆಕಾರಗಳಲ್ಲಿ ಕಂಡಿತು. ಮೂರನೆಯ ಎರಡು ಭಾಗದಷ್ಟರಲ್ಲಿ ತ್ರಿಕೋನ, ಉಳಿದವುಗಳಲ್ಲಿ ಮೊಂಡು, ಗಂಟು, ಕೆಲವದರಲ್ಲಿ ಇದ್ದೂ ಇಲ್ಲದಂತೆ. ಮಕ್ಕಳಲ್ಲಿ ರಂಧ್ರ ಕೆಳಮಟ್ಟದಲ್ಲಿದ್ದು ವಯಸ್ಸಾದಂತೆ ಮೇಲಕ್ಕೆ ಸರಿಯುತ್ತದೆ. ಆರು ವರ್ಷದ ಮೊಮ್ಮಗನಿಗೂ ಅಜ್ಜನಿಗೂ ಒಂದೇ ಎತ್ತರದಲ್ಲಿ ಸೂಜಿ ಇಡುವವನು ಒಬ್ಬರಲ್ಲಿಯಾದರೂ ತಪ್ಪುತ್ತಾನೆ. ಹಲ್ಲೆಲ್ಲ ಬಿದ್ದು ಒಸಡು ಸವೆದ ಹಿರಿಯರಲ್ಲಿ ಹಲ್ಲಿನ ಮಟ್ಟವೆಂಬ ಗುರುತೇ ಇರುವುದಿಲ್ಲ. ಕೆಲವರಲ್ಲಿ ದವಡೆ ಹಲ್ಲಿಗೆ ಬೇರೆ ನರದ ಎಳೆಯೊಂದು ಬೇರೆ ದಾರಿಯಿಂದ ಬಂದಿರುತ್ತದೆ. ಕೆನ್ನೆಯ ಕಡೆಯ ಒಸಡಿಗಂತೂ ಪ್ರತ್ಯೇಕ ನರವೇ ಇದ್ದು, ಅದಕ್ಕೆ ಇನ್ನೊಂದು ಸಣ್ಣ ಚುಚ್ಚು ಬೇಕು; ಅದನ್ನು ಮರೆತಾಗ ಇಕ್ಕಳ ಒಸಡಿಗೆ ತಾಗಿದ ಕ್ಷಣವೇ ರೋಗಿ ಚೀರುತ್ತಾನೆ. ಪಠ್ಯಪುಸ್ತಕಗಳೇ ಒಪ್ಪಿಕೊಳ್ಳುವಂತೆ ಕೆಳದವಡೆಯ ಈ ಚುಚ್ಚುಮದ್ದು ನೂರರಲ್ಲಿ ಹದಿನೈದಿಪ್ಪತ್ತು ಸಲ ಮೊದಲ ಪ್ರಯತ್ನದಲ್ಲಿ ಫಲಿಸದು. ಇದು ಅವಮಾನದ ಸಂಗತಿಯಲ್ಲ. ಫಲಿಸಿಲ್ಲವೆಂದು ಗೊತ್ತಿದ್ದೂ ಮುಂದುವರಿಯುವುದು ಅವಮಾನ.

ನಾನು ಹಾಗೆ ಮುಂದುವರಿದವನೇ. ವೃತ್ತಿಯ ಮೊದಲ ವರ್ಷಗಳಲ್ಲಿ ಭೀಮಾ ದಂಡೆಯ ಹಳ್ಳಿಯೊಂದರಿಂದ ವಯಸ್ಸಾದ ರೈತರೊಬ್ಬರು ಬಂದರು. ಜೋಳದ ರೊಟ್ಟಿ ಅಗಿಯಲಾಗದೆ ಹದಿನೈದು ದಿನ ಅಂಬಲಿಯಲ್ಲೇ ಕಳೆದಿದ್ದರು. ಹೊರಗೆ ಹತ್ತಿಪ್ಪತ್ತು ಜನ ಕಾಯುತ್ತಿದ್ದರು. ಚುಚ್ಚುಮದ್ದು ಕೊಟ್ಟೆ, ಎರಡು ನಿಮಿಷ ಬಿಟ್ಟು "ಮುತ್ಯಾ, ತುಟಿ ಜೋಮು ಬಂತೇನ್ರಿ?" ಎಂದು ಕೇಳಿದೆ. "ಸ್ವಲ್ಪ ಬಂದಂಗ ಅದ" ಎಂದರು. ಆ "ಸ್ವಲ್ಪ" ಎಂಬುದು ನನ್ನ ಮೇಲಿನ ಮರ್ಯಾದೆಗಾಗಿ ಹೇಳಿದ ಮಾತೆಂದು ತಿಳಿಯುವಷ್ಟು ಬುದ್ಧಿ ನನಗಿರಲಿಲ್ಲ. ಹಲ್ಲು ಬಂತು. ಅವರು ಒಂದು ಸೊಲ್ಲೂ ಎತ್ತಲಿಲ್ಲ, ಕಣ್ಣಂಚಿನಲ್ಲಿ ನೀರು ಮಾತ್ರ ಇತ್ತು. ನಾನು ಕ್ಷಮೆ ಕೇಳಹೋದರೆ, "ಇರ್ಲಿ ಬಿಡ್ರಿ ಸಾಹೇಬ್ರೆ, ಹಲ್ಲು ಕೀಳೋದಂದ್ರ ಇಷ್ಟು ಇರೋದೇ" ಎಂದು ನನ್ನನ್ನೇ ಸಮಾಧಾನಪಡಿಸಿದರು.

ಅವರ ಮನೆಯವರು ಬಂದದ್ದು ಅದಾದ ಎಷ್ಟೋ ತಿಂಗಳ ಮೇಲೆ. ಗಲ್ಲದ ಒಳಗೆ ಒಂದು ಹುಣ್ಣು, ಅದರ ಪಕ್ಕದ ಹಲ್ಲು ಅಲ್ಲಾಡುತ್ತಿತ್ತು. ಹುಣ್ಣು ಕಾಣಿಸಿಕೊಂಡು ಬಹಳ ದಿನವಾಗಿತ್ತು. ಇಷ್ಟು ತಡವೇಕೆಂದು ಕೇಳಿದಾಗ ಆ ತಾಯಿ ಗಂಡನ ಕಡೆ ನೋಡಿ, "ಇವರು ಪಟ್ಟಿದ್ದು ನೋಡಿದ್ದೆನ್ರಿ, ಅಂಜಿಕಿ ಬಂದು ಬರಲಿಲ್ಲ" ಎಂದರು. ವರ್ಷಗಟ್ಟಲೆ ಮಿಶ್ರಿ ಉಜ್ಜಿ, ಎಲೆಯಡಿಕೆಯ ಜೊತೆ ತಂಬಾಕು ದವಡೆಯಲ್ಲಿಟ್ಟುಕೊಂಡ ಬಾಯಿ ಅದು. ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರಕ್ಕೆ ಪತ್ರ ಬರೆದುಕೊಟ್ಟೆ. ಹುಣ್ಣಿಗೆ ಕಾರಣ ತಂಬಾಕು, ನಾನಲ್ಲ; ಆದರೆ ಕಳೆದುಹೋದ ತಿಂಗಳುಗಳಿಗೆ ಕಾರಣ ನಾನು ಕಾಯದೆ ಹೋದ ಮೂರು ನಿಮಿಷ. ಈ ಲೆಕ್ಕವನ್ನು ಯಾವ ರೀತಿಯಲ್ಲಿ ಹಾಕಿದರೂ ನನಗೆ ಹೊಂದುವುದಿಲ್ಲ.

ಮದ್ದು ಸರಿಯಾದ ಜಾಗಕ್ಕೆ ಬಿದ್ದರೂ ಮೂರರಿಂದ ಐದು ನಿಮಿಷ ಬೇಕು, ಕೆಲವರಿಗೆ ಹೆಚ್ಚು. ದಪ್ಪ ನರದ ಹೊರಪದರದಿಂದ ಒಳಗಿನ ಎಳೆಗಳಿಗೆ ಮದ್ದು ನಿಧಾನವಾಗಿ ಇಳಿಯುತ್ತದೆ. ತುಟಿಯ ಅರ್ಧಭಾಗ ಮಧ್ಯದ ಗೆರೆಯವರೆಗೆ ಪೂರ್ಣವಾಗಿ ಮಂದವಾಗುವವರೆಗೆ ಹಲ್ಲಿಗೆ ಕೈ ಹಚ್ಚಬಾರದು. ಅನಂತರವೂ ಮೊನಚಾದ ಉಪಕರಣದಿಂದ ಒಸಡನ್ನು ಎರಡೂ ಬದಿಗೆ ಮೆಲ್ಲಗೆ ಒತ್ತಿ ಕೇಳಬೇಕು. ಇಲ್ಲಿ ರೋಗಿ ಒಂದು ಭೇದವನ್ನು ತಿಳಿದಿರುವುದು ಒಳ್ಳೆಯದು: ಅರಿವಳಿಕೆ ನೋವನ್ನು ಅಳಿಸುತ್ತದೆ, ಒತ್ತಡವನ್ನು ಅಳಿಸುವುದಿಲ್ಲ. ಹಲ್ಲನ್ನು ಅಲುಗಾಡಿಸುವಾಗ ನೂಕಿದಂತೆ, ಜಗ್ಗಿದಂತೆ ಅನಿಸುವುದು ಸರಿ. ಚುಚ್ಚಿದಂತೆ, ಮಿಂಚು ಹೊಡೆದಂತೆ ಅನಿಸಿದರೆ ಸರಿಯಲ್ಲ. ಅನಿಸಿದ ಕೂಡಲೇ ಎಡಗೈ ಎತ್ತಿ. ಅದನ್ನು ಕಂಡು ನಿಲ್ಲಿಸದ ವೈದ್ಯನನ್ನು ಪ್ರಶ್ನಿಸುವುದು ಅಗೌರವವಲ್ಲ. ಇನ್ನೊಂದು ಸಲ ಚುಚ್ಚಿದರೆ ಮದ್ದು ಹೆಚ್ಚಾಗಿ ಅಪಾಯವಾದೀತೆಂದು ಹೆದರುವವರಿದ್ದಾರೆ. ಶೇ. 2ರ ಲಿಗ್ನೋಕೇನಿನ ಒಂದು ಮಿಲಿಲೀಟರಿನಲ್ಲಿರುವುದು 20 ಮಿಲಿಗ್ರಾಂ ಮದ್ದು. ಆರೋಗ್ಯವಂತ ವಯಸ್ಕರಿಗೆ ಎರಡನೆಯ ಚುಚ್ಚು ಸೇರಿದರೂ ಅದು ಸುರಕ್ಷಿತ ಮಿತಿಯೊಳಗೇ ಇರುತ್ತದೆ. ಮಕ್ಕಳಿಗೆ ಮಾತ್ರ ತೂಕ ನೋಡಿ ಲೆಕ್ಕ ಹಾಕಲೇಬೇಕು.

ಹೃದಯದ ತೊಂದರೆ, ರಕ್ತದೊತ್ತಡ ಇರುವವರು "ನನಗೆ ಸೂಜಿ ಬೇಡ, ಹಾಗೆಯೇ ಕಿತ್ತುಬಿಡಿ" ಎನ್ನುವುದುಂಟು. ಮದ್ದಿನೊಡನೆ ಸೇರಿರುವ ಅಡ್ರಿನಲಿನ್ ಹೃದಯಕ್ಕೆ ಕೆಟ್ಟದ್ದೆಂದು ಯಾರೋ ಹೇಳಿರುತ್ತಾರೆ. ಅದರ ಪ್ರಮಾಣ 80,000ಕ್ಕೆ ಒಂದು ಭಾಗ. ನೋವಿನಿಂದ ತತ್ತರಿಸಿದ ದೇಹ ತಾನೇ ಸುರಿಸಿಕೊಳ್ಳುವ ಅಡ್ರಿನಲಿನ್ ಅದಕ್ಕಿಂತ ಎಷ್ಟೋ ಹೆಚ್ಚು. ಹೃದ್ರೋಗಿಗೆ ಬೇಕಾದುದು ಅರಿವಳಿಕೆ ಇಲ್ಲದ ಚಿಕಿತ್ಸೆಯಲ್ಲ, ಇನ್ನೂ ಚೆನ್ನಾದ ಅರಿವಳಿಕೆ. ತಾವು ತೆಗೆದುಕೊಳ್ಳುವ ಗುಳಿಗೆಗಳ ಚೀಟಿಯನ್ನು ತಂದು ತೋರಿಸಬೇಕು, ಅಷ್ಟೇ. "ಸೂಜಿ ನನಗೆ ಆಗಿಬರುವುದಿಲ್ಲ, ಹೋದ ಸಲ ಕಣ್ಣು ಕತ್ತಲೆ ಬಂತು" ಎನ್ನುವವರಲ್ಲಿ ಬಹುಪಾಲು ಜನರಿಗೆ ಬಂದದ್ದು ಅಂಜಿಕೆಯ ಮೂರ್ಛೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಅದು ಇನ್ನೂ ಬೇಗ. ಲಿಗ್ನೋಕೇನಿಗೆ ನಿಜವಾದ ಅಲರ್ಜಿ ತೀರ ಅಪರೂಪ.

ಹಲ್ಲಿನ ಶೂಲೆ ಕೆರಳಿ ಕೆನ್ನೆ ಬಾತುಕೊಂಡಾಗಲೇ ಆಸ್ಪತ್ರೆಗೆ ಬರುವುದು ನಮ್ಮ ಜನರ ವಾಡಿಕೆ. ಅದಕ್ಕೂ ಮುಂಚೆ ಲವಂಗದೆಣ್ಣೆ, ತಂಬಾಕಿನ ಎಸಳು, ಅಂಗಡಿಯ ಗುಳಿಗೆ ಎಲ್ಲವೂ ಆಗಿರುತ್ತದೆ. ಲವಂಗದೆಣ್ಣೆಗೆ ನಿಜವಾಗಿಯೂ ಸ್ವಲ್ಪ ಮರಗಟ್ಟಿಸುವ ಗುಣವುಂಟು, ಅದನ್ನು ಹಳಿಯಲಾರೆ. ತಂಬಾಕಿಗೆ ಅಂತಹ ಯಾವ ಪುಣ್ಯವೂ ಇಲ್ಲ. ಆಸ್ಪಿರಿನ್ ಗುಳಿಗೆಯನ್ನು ಒಸಡಿಗೆ ಒತ್ತಿ ಹಿಡಿಯುವವರು ಒಸಡನ್ನು ಸುಟ್ಟುಕೊಂಡು ಬರುತ್ತಾರೆ. ಕೀವು ತುಂಬಿದ, ಉರಿಯುತ್ತಿರುವ ಜಾಗದಲ್ಲಿ ಆಮ್ಲಗುಣ ಹೆಚ್ಚಿ ಮದ್ದು ನರದೊಳಗೆ ಸುಲಭವಾಗಿ ಇಳಿಯದು. ಅಂಥ ದಿನ ವೈದ್ಯರು ಕೀವಿಗೆ ದಾರಿ ಮಾಡಿ, ಔಷಧ ಕೊಟ್ಟು, ಹಲ್ಲು ಕೀಳುವುದನ್ನು ಮುಂದಕ್ಕೆ ಹಾಕಿದರೆ, "ಇವರಿಗೆ ಕೀಳಲು ಬರುವುದಿಲ್ಲ" ಎಂದು ಬೈದು ಸಂತೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತವನ ಹತ್ತಿರ ಹೋಗಬೇಡಿ. 1948ರ ದಂತವೈದ್ಯರ ಕಾಯ್ದೆ ಬಂದು ಮುಕ್ಕಾಲು ಶತಮಾನವಾಗಿದ್ದರೂ ನೋಂದಣಿಯಿಲ್ಲದ ಕೈಗಳು ಇನ್ನೂ ಬಾಯೊಳಗೆ ಆಡುತ್ತಲೇ ಇವೆ. ಅವರಿಗೆ ರಂಧ್ರದ ಸ್ಥಾನ ಗೊತ್ತಿಲ್ಲವೆಂಬುದು ಚಿಕ್ಕ ಮಾತು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಕಾಮಾಲೆಯನ್ನು ದಾಟಿಸಬಲ್ಲುದು. ಇನ್ನು ಗದ್ದದ ಕೆಳಗೆ ಬಾವು ಬಂದು, ನುಂಗಲು ಉಸಿರಾಡಲು ಕಷ್ಟವಾದರೆ ಅದು ಕಾಯುವ ರೋಗವೇ ಅಲ್ಲ. ಆ ರಾತ್ರಿಯೇ ಕಲಬುರಗಿಗೆ ಹೊರಡಬೇಕು.

ವೈದ್ಯ ಎಷ್ಟೇ ನಿಪುಣನಾದರೂ ರೋಗಿ ಬಾಯಿ ತೆರೆದರೆ ತಾನೇ? ಮೇಲೆ ಹೇಳಿದ ಗುರುತುಗಳೆಲ್ಲ ಅಗಲವಾಗಿ ತೆರೆದ ಬಾಯಿಯಲ್ಲಿ ಮಾತ್ರ ಸಿಗುತ್ತವೆ. ಆರೋಗ್ಯವಂತ ಬಾಯಿಯಲ್ಲಿ ತಮ್ಮವೇ ಮೂರು ಬೆರಳು ನಿಲುವಾಗಿ ಹಿಡಿಸುತ್ತವೆ. ಗುಟಖಾ, ಅಡಿಕೆಪುಡಿ ಜಗಿಯುವ ಹುಡುಗರಲ್ಲಿ ಒಂದು ಬೆರಳು ಹಿಡಿಸುವುದೂ ಕಷ್ಟ. ಅಡಿಕೆಯ ಅಂಶದಿಂದ ಕೆನ್ನೆಯ ಒಳಪದರ ನಾರುಗಟ್ಟಿ ಹಗ್ಗದಂತೆ ಬಿಗಿದುಕೊಳ್ಳುವ ಈ ರೋಗವನ್ನು 1952ರಲ್ಲಿ ಷ್ವಾರ್ಟ್ಸ್ ಎಂಬುವರು ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಗುರುತಿಸಿ ಬರೆದರು; ಮರುವರ್ಷ ನಮ್ಮ ದೇಶದಲ್ಲಿಯೂ ವರದಿಯಾಯಿತು. ಒಮ್ಮೆ ನಾರುಗಟ್ಟಿದ ಕೆನ್ನೆ ಪೂರ್ಣವಾಗಿ ಮೊದಲಿನಂತಾಗದು, ಮತ್ತು ಅದು ಕ್ಯಾನ್ಸರಿಗೆ ತಿರುಗುವ ಅಪಾಯವುಂಟು. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಹೇಳಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟಖಾ ನಿಷೇಧವಾಯಿತು. ಅನಂತರ ಅಡಿಕೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಆಗಿ, ಜಗಿಯುವವನ ಅಂಗೈಯಲ್ಲಿ ಎರಡೂ ಕೂಡಿಕೊಂಡವು.

ಇಂಥ ಮುಚ್ಚಿದ ಬಾಯಿಗೂ ಒಂದು ವಿಧಾನವಿದೆ. 1960ರಲ್ಲಿ ವಜಿರಾನಿ ಎಂಬುವರು, 1977ರಲ್ಲಿ ನೈಜೀರಿಯಾದ ಅಕಿನೋಸಿ ಎಂಬುವರು ವಿವರಿಸಿದ ಈ ಕ್ರಮದಲ್ಲಿ ಹಲ್ಲು ಕೂಡಿಸಿದ್ದಾಗಲೇ ಮೇಲ್ದವಡೆಯ ಒಸಡಿನ ಮಟ್ಟದಲ್ಲಿ ಕೆನ್ನೆಯ ಒಳಗಿನಿಂದ ಸೂಜಿಯನ್ನು ನೇರವಾಗಿ ಹಿಂದಕ್ಕೆ ಒಯ್ಯುತ್ತಾರೆ. ಇದರಲ್ಲಿ ಮೂಳೆ ತಾಗುವ ಭರವಸೆಯಿಲ್ಲ, ಆಳವನ್ನು ಅಂದಾಜಿನಿಂದಲೇ ತಿಳಿಯಬೇಕು. ಅಭ್ಯಾಸವಿದ್ದ ಕೈ ಬೇಕು. ಗುಟಖಾದ ಹಾವಳಿ ಇಷ್ಟಿರುವ ನಮ್ಮ ಜಿಲ್ಲೆಯಲ್ಲಿ ಈ ವಿಧಾನ ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ ಸೀಮಿತವಾಗಬಾರದೆಂಬುದು ನನ್ನ ವಾದ. ಕಲಬುರಗಿಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಆಳಂದ, ಜೇವರ್ಗಿಗಳಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ದೂರ. ಅಲ್ಲಿ ಕಲಿಯುವ ಮಕ್ಕಳಿಗೆ ನಿಜವಾದ ದವಡೆಮೂಳೆಗಳನ್ನು, ಚಿಕ್ಕವರದು, ದೊಡ್ಡವರದು, ಹಲ್ಲಿಲ್ಲದವರದು, ಮತ್ತೆ ಮತ್ತೆ ಕೈಗೆ ಕೊಡಬೇಕು. ಬೆರಳು ಆ ತಗ್ಗನ್ನು ಕಣ್ಣಿಲ್ಲದೆ ಗುರುತಿಸುವಷ್ಟು. ಮೊದಲ ವರ್ಷದಲ್ಲಿ ಓದಿದ ದೇಹರಚನೆ ಕೊನೆಯ ವರ್ಷದ ಹೊತ್ತಿಗೆ ಮರೆತುಹೋಗಿ, ಸೂಜಿ ಹಿಡಿಯುವಾಗ ಬರಿಯ ರೂಢಿ ಉಳಿದಿರುತ್ತದೆ. ತಾಲ್ಲೂಕು ಆಸ್ಪತ್ರೆಯ ಒಬ್ಬ ದಂತವೈದ್ಯರ ಮುಂದೆ ಬೆಳಗಿನಿಂದ ಸಾಲು ನಿಂತಿರುವಾಗ ಪ್ರತಿಯೊಬ್ಬರಿಗೂ ಐದು ನಿಮಿಷ ಕಾಯಿರೆಂದು ಹೇಳುವುದು ಸುಲಭವಲ್ಲ, ಬಲ್ಲೆ. ಒಬ್ಬರಿಗೆ ಮದ್ದು ಕೊಟ್ಟು ಹೊರಗಿನ ಕುರ್ಚಿಯಲ್ಲಿ ದಾದಿಯರ ಕಣ್ಣೆದುರು ಕೂರಿಸಿ, ಇನ್ನೊಬ್ಬರನ್ನು ಪರೀಕ್ಷಿಸಿದರೆ ಸಮಯವೂ ವ್ಯರ್ಥವಾಗದು. ಬೇಕಾದುದು ಇನ್ನೊಂದು ಕುರ್ಚಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ರೋಗ, ಮದ್ದುಗಳ ಪರಿಭಾಷೆಯನ್ನೇ ಅನುಭಾವದ ಭಾಷೆಯಾಗಿಸಿದವರು. ಕಾಯಕಕ್ಕೆ ಲೆಕ್ಕದ ಅವಸರ ಹೊಂದದು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಜಾತ್ರೆಯ ಕಾಲದಲ್ಲಿ ನಮ್ಮ ಭಾಗದ ಮಠಗಳ ಅಂಗಳದಲ್ಲಿ ನಡೆಯುವ ಉಚಿತ ದಂತ ಶಿಬಿರಗಳ ಬಗ್ಗೆ ಭಕ್ತರ ಮುಂದೆ ಒಂದು ಮಾತು ಇಡಲೇಬೇಕು. ಆ ಶಿಬಿರಗಳಲ್ಲಿ ನಾನೂ ಸೇವೆ ಸಲ್ಲಿಸಿದ್ದೇನೆ. ಸಂಜೆ ಧ್ವನಿವರ್ಧಕದಲ್ಲಿ "ಇಂದು ಇಷ್ಟು ಜನರ ಹಲ್ಲು ಕೀಳಲಾಯಿತು" ಎಂದು ಘೋಷಿಸಿದಾಗ ಚಪ್ಪಾಳೆ ಬೀಳುತ್ತದೆ. ಆ ಸಂಖ್ಯೆ ದೊಡ್ಡದಾದಷ್ಟೂ ಒಬ್ಬೊಬ್ಬರಿಗೆ ಸಿಕ್ಕ ನಿಮಿಷ ಚಿಕ್ಕದು. ಪ್ಲಾಸ್ಟಿಕ್ ಕುರ್ಚಿ, ಮಂದ ಬೆಳಕು, ತಲೆಗೆ ಆನಿಕೆಯಿಲ್ಲ. ಅಲ್ಲಿ ಮಿಲಿಮೀಟರಿನ ಗುರುತು ಹಿಡಿಯುವುದು ಹೇಗೆ?

ಆದ್ದರಿಂದ ಶಿಬಿರದ ವ್ಯವಸ್ಥೆ ನೋಡಿಕೊಳ್ಳುವ ಹಿರಿಯರಲ್ಲಿ ನನ್ನ ಬಿನ್ನಹ: ಬರುವ ಜಾತ್ರೆಯಲ್ಲಿ ಶಿಬಿರವನ್ನು ತಪಾಸಣೆಗೆ ಮೀಸಲಿಡೋಣ. ಬಂದ ಪ್ರತಿಯೊಬ್ಬರ ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯೋಣ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಇದ್ದವರ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆಯೋಣ. ಹಲ್ಲು ಕೀಳಲೇಬೇಕಾದವರಿಗೆ ತಾಲ್ಲೂಕು ಆಸ್ಪತ್ರೆಯ ದಿನ, ವೇಳೆ ಗೊತ್ತುಮಾಡಿದ ಚೀಟಿ ಕೊಡೋಣ. ಶಿಬಿರದ ಊಟ, ಪೆಂಡಾಲಿಗೆ ಕೈಬಿಚ್ಚಿ ಕೊಡುವ ದಾನಿಗಳು ಆ ಜನರ ಬಸ್ಸಿನ ಖರ್ಚನ್ನೂ ನೋಡಿಕೊಂಡಾರು. ಚಿಕಿತ್ಸೆ ಮುಗಿಸಿ ಮನೆಗೆ ಹೋದ ಮೇಲೆ ಮೂರರಿಂದ ಐದು ಗಂಟೆ ತುಟಿ ಮಂದವಾಗಿರುತ್ತದೆಂದೂ, ಅಷ್ಟು ಹೊತ್ತು ಮಕ್ಕಳು ತುಟಿ ಕಚ್ಚಿಕೊಳ್ಳದಂತೆ, ಹಿರಿಯರು ಬಿಸಿ ಚಹಾ ಕುಡಿಯದಂತೆ ನೋಡಿಕೊಳ್ಳಬೇಕೆಂದೂ, ಮರುದಿನವೂ ಜೋಮು ಇಳಿಯದಿದ್ದರೆ ಮತ್ತೆ ಬರಬೇಕೆಂದೂ ಅದೇ ಚೀಟಿಯ ಹಿಂದೆ ಅಚ್ಚು ಹಾಕಿಸಬಹುದು. ಓದಲು ಬಾರದವರಿಗೆ ಶಿಬಿರದ ಬಾಗಿಲಲ್ಲಿ ಒಬ್ಬ ಸ್ವಯಂಸೇವಕರು ಕುಳಿತು ಅದನ್ನು ಓದಿ ಹೇಳಲಿ.